ಭಾವ ಎಳೆದು ತಂದ ಆಟೋಮ್ಯಾಟಿಕ್ ಕಾರು

ಗೆಳೆಯರೇ, ಎದೆಬಡಿತ ಈಗಷ್ಟೇ ಸರಿಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹಳೇ ಕಾರು ಗೊತ್ತಲ್ಲ, ಇಂಜಿನ್ ನಾಲ್ಕೂ ಚಕ್ರ ತಿರುಗಿಸುವ ಆಟೋಮ್ಯಾಟಿಕ್. ಎಡಗಾಲು ಮುರಿದ ಮೇಲೆ ಕ್ಲಚ್ ತುಳಿಯಲು ನನ್ನಿಂದಾಗುವುದಿಲ್ಲ. ಈ ಕಾರು ಹೋದರೆ ನಾನು ಮನೆಯಲ್ಲೇ.

ಇವತ್ತು ಸುಂಟಿಕೊಪ್ಪದಲ್ಲಿ ಮೆಕ್ಯಾನಿಕ್ ಹಂಸಾಕ ಅದರ ಗೇರ್‌ಬಾಕ್ಸ್ ಬಿಚ್ಚಿದರು. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಅವರು ತಲೆಯೆತ್ತಿ ಕೇಳಿದರು:

“ಇದನ್ನ ಕಟ್ಟಿ ಎಳೆದದ್ದು ಯಾರು?”

ದಾರಿಯಲ್ಲಿ ನಿಂತ ಕಾರನ್ನು ಮನೆಗೆ ಎಳೆದು ತಂದ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಹೆದರಿ ಗ್ಯಾರೇಜಿನ ಮಾಡಿನ ಶೀಟು ನೋಡುತ್ತಾ ನಿಂತೆ. ಪಕ್ಕದಲ್ಲಿದ್ದ ನನ್ನ ಭಾವ ಎದೆಯುಬ್ಬಿಸಿ, “ನಾನೇ! ನಮ್ಮ ಟ್ರ್ಯಾಕ್ಟರಲ್ಲಿ, ಹೊಸ ಹಗ್ಗ ಹಾಕಿ” ಅಂದರು.

“ನಾಲ್ಕು ಚಕ್ರವೂ ನೆಲದಲ್ಲಿಟ್ಟಾ? ಇದೆಂತ ಮರದ ದಿಮ್ಮಿಯಾ ಮಾರಾಯ್ರೇ? ಇಂಜಿನ್ ಬಂದ್ ಇದ್ರೆ ಗೇರ್‌ಬಾಕ್ಸಿನೊಳಗೆ ಎಣ್ಣೆ ಓಡೂದಿಲ್ಲ, ಚಕ್ರ ತಿರುಗಿದ ಹಾಗೆ ಎಲ್ಲ ಉಜ್ಜಿ ಹೋಗ್ತದೆ.”

ಹಾಗೆಂದು ಹಂಸಾಕ, ಗೇರ್‌ಬಾಕ್ಸಿನ ಎಣ್ಣೆ ತಟ್ಟೆಯಲ್ಲಿ ಕಬ್ಬಿಣದ ಚೂರು ಹಿಡಿಯಲೆಂದು ಇರುವ ಅಯಸ್ಕಾಂತಕ್ಕೆ ಅಂಟಿದ್ದ ಕಪ್ಪು ರಾಡಿಯನ್ನು ಬೆರಳಲ್ಲಿ ತಿಕ್ಕಿದರು. ನಾನು ಇಗ್ಗುತಪ್ಪನಿಗೆ ಹರಕೆ ಹೊತ್ತೆ.

“ಬರೀ ಹುಡಿ. ಕಬ್ಬಿಣದ ತುಂಡು ಒಂದೂ ಇಲ್ಲ. ಒಳಗಿನ ಪ್ಲೇಟ್ ಮಾತ್ರ ಸುಟ್ಟದ್ದು, ಗೇರ್ ಉಳಿದಿದೆ. ಪ್ಲೇಟ್ ಬದಲಿಸಿದ್ರೆ ಒಂದು ವಾರದಲ್ಲಿ ಓಡ್ತದೆ.”

ನನಗೆ ಕಣ್ಣು ತುಂಬಿ ಬಂತು. ಭಾವ ನನ್ನ ಬೆನ್ನು ತಟ್ಟಿದರು. “ನೋಡಿದ್ರಾ, ನಾನು ನಿಧಾನ ಎಳೆದ ಕಾರಣ ಉಳೀತು.”

ಆ ಸಂತೋಷದಲ್ಲಿ ನಾನು ಅವರಿಗೆ ಥ್ಯಾಂಕ್ಸ್ ಹೇಳಿದೆ. ಹೋಟೆಲಿಗೆ ಕರೆದುಕೊಂಡು ಹೋಗಿ ಪರೋಟವನ್ನೂ ಕೊಡಿಸಿದೆ.