ಗಾಣ ನಿಂತ ವರ್ಷ

ಮೊಮ್ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ನಮ್ಮೂರು ದಂಡೋತಿಯಲ್ಲಿ ನಮ್ಮದೊಂದು ಎಣ್ಣೆ ಗಾಣವಿತ್ತು. ಮನೆಯ ಮಗ್ಗುಲ ಚಪ್ಪರದಲ್ಲಿ ದೊಡ್ಡದೊಂದು ಮರದ ಒರಳು, ಅದರೊಳಗೆ ತಿರುಗುವ ದಪ್ಪನೆಯ ಒನಕೆ, ಒನಕೆಗೆ ಕಟ್ಟಿದ ಉದ್ದನೆಯ ಅಡ್ಡಮರ. ಅದನ್ನು ಎಳೆದುಕೊಂಡು ನಮ್ಮ ಎತ್ತು ದಿನವಿಡೀ ಸುತ್ತುತ್ತಿತ್ತು. ಅಡ್ಡಮರಕ್ಕೆ ಭಾರ ಬೇಕೆಂದು ಅಪ್ಪ ನನ್ನನ್ನೂ ಅಕ್ಕನನ್ನೂ ಅದರ ಮೇಲೆ ಕೂರಿಸುತ್ತಿದ್ದ. ಕುಸುಬೆ ಕಾಳು ನುರಿದು ಬಿಸಿಯಾದಾಗ ಏಳುವ ಘಮ ನಮ್ಮ ಲಂಗಕ್ಕೆ, ಕೂದಲಿಗೆ, ಹೊದಿಕೆಗೆ ಅಂಟಿಕೊಂಡಿರುತ್ತಿತ್ತು. ನಾನು ಬಂದದ್ದು ಶಾಲೆಯಲ್ಲಿ ಕಣ್ಣುಮುಚ್ಚಿದವರಿಗೂ ಗೊತ್ತಾಗುತ್ತಿತ್ತು.

ಅವ್ವನ ಮುಖ ನನಗೆ ನೆನಪಿಲ್ಲ. ನನಗೆ ಬುದ್ಧಿ ಬರುವ ಮೊದಲೇ ಅವಳು ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ ಅಜ್ಜಿ, ನಾನು ಮತ್ತು ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ. ನನ್ನ ತಲೆ ಬಾಚುವವಳು, ನಾನು ಬಿದ್ದರೆ ಮಂಡಿಗೆ ಅರಿಶಿನ ಹಚ್ಚುವವಳು, ಒಂದೇ ಕೌದಿಯಲ್ಲಿ ನನ್ನ ಜೊತೆ ಮಲಗುವವಳು ಅವಳೇ.

ಆಗ ರೇಶನ್ ಅಂಗಡಿಗೆ ಹೊಸದೊಂದು ಎಣ್ಣೆ ಬಂತು. ಪಾಮೋಲಿನ್ ಎನ್ನುತ್ತಿದ್ದರು. ಅದಕ್ಕೆ ವಾಸನೆಯೇ ಇರಲಿಲ್ಲ. ಚಳಿಗಾಲದ ಬೆಳಗ್ಗೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತಿತ್ತು. ಆದರೆ ನಮ್ಮ ಎಣ್ಣೆಗಿಂತ ಬಹಳ ಅಗ್ಗ. ಹಬ್ಬಕ್ಕೆ ಮಾತ್ರ ಬಾಣಲೆ ಇಡುತ್ತಿದ್ದ ಬಡವರ ಮನೆಗಳಿಂದಲೂ ಭಜಿಯ ವಾಸನೆ ಬರತೊಡಗಿತು. ಅದನ್ನು ಕೆಟ್ಟದ್ದು ಎಂದು ಹೇಗೆ ಹೇಳಲಿ?

ಒಂದು ದಿನ ಓಣಿಯಲ್ಲಿ ನನಗೂ ಅಪ್ಪನಿಗೂ ನಮ್ಮ ಹಳೆಯ ಗಿರಾಕಿ ಒಬ್ಬಳು ಎದುರಾದಳು. ಅಪ್ಪನನ್ನು ಕಂಡ ಕೂಡಲೇ ಕೈಯಲ್ಲಿದ್ದ ಎಣ್ಣೆ ಸೀಸೆಯನ್ನು ಸೆರಗಿನೊಳಗೆ ಮರೆಮಾಡಿದಳು.

"ಯಾಕ ಮುಚ್ಚಕೋತಿ ತಂಗಿ?" ಎಂದ ಅಪ್ಪ. "ಅಗ್ಗ ಸಿಗಾಕತ್ತದ, ತಗೊಂಡ್ಹೋಗು. ಮಕ್ಕಳು ಉಣ್ಣಲಿ."

ಅವಳು ತಲೆ ತಗ್ಗಿಸಿ ಹೋದಳು. ಅಪ್ಪ ಮನೆಗೆ ಬರಲಿಲ್ಲ, ನನ್ನ ಕೈ ಹಿಡಿದು ನೇರವಾಗಿ ನಮ್ಮ ಶಾಲೆಗೆ ನಡೆದು, ಆ ಎಣ್ಣೆ ಎಲ್ಲಿಂದ ಬರುತ್ತದೆಂದು ಮಾಸ್ತರರನ್ನು ಕೇಳಿದ. ಮಾಸ್ತರರು ಗೋಡೆಯ ನಕಾಶೆಯಲ್ಲಿ ಸಮುದ್ರದ ಆಚೆಯ ಸಣ್ಣದೊಂದು ದೇಶದ ಮೇಲೆ ಬೆರಳಿಟ್ಟರು.

"ಇಲ್ಲಿಂದ ಬರತದ ನೋಡ್ರಿ, ಹಡಗದಾಗ."

ಅಪ್ಪ ಆ ನೀಲಿ ಸಮುದ್ರವನ್ನು ಬಹಳ ಹೊತ್ತು ನೋಡಿದ. "ಇಷ್ಟು ದೂರದಿಂದ ಬಂದ್ರೂ ನಮ್ಮೂರ ಎಣ್ಣಿಗಿಂತ ಅಗ್ಗ ಹ್ಯಾಂಗ್ರೀ ಮಾಸ್ತರ್ರ?"

"ಸರ್ಕಾರದವ್ರು ಆ ದೇಶದವ್ರ ಜೋಡಿ ಮಾತಾಡಿ ತರಸ್ತಾರ. ಮ್ಯಾಲ ತಮ್ಮ ರೊಕ್ಕಾನೂ ಒಂದಿಷ್ಟು ಹಾಕಿ ಜನರಿಗಿ ಕಡಿಮಿಗಿ ಕೊಡ್ತಾರ."

"ನಮ್ಮಂಥವ್ರ ಗಾಣಕ್ಕ?"

ಮಾಸ್ತರರು ನಕಾಶೆಯ ಮೇಲಿಂದ ಬೆರಳು ತೆಗೆದರು.

ಕುಸುಬೆಯನ್ನು ಕೇಳುವವರಿಲ್ಲದೆ ರೈತರೂ ಅದನ್ನು ಬಿತ್ತುವುದು ಕಡಿಮೆ ಮಾಡಿ ತೊಗರಿಗೆ ಹೊರಳಿದರು. ಗಾಣಕ್ಕೆ ಕಾಳು ಬರುವುದು ನಿಂತಿತು. ಗುಂಡಗುರ್ತಿಯ ರೈತನೊಬ್ಬ ಎತ್ತನ್ನು ಕೊಂಡುಕೊಂಡು ಹೋದ. ಅದಾದ ವಾರಕ್ಕೆ ಅಪ್ಪ ಅಜ್ಜಿಗೆ ಹೇಳಿದ: "ಯವ್ವಾ, ಬಂಬೈದಾಗ ಮನಿ ಕಟ್ಟೋ ಕೆಲಸ ಅದಂತ. ದೊಡ್ಡಾಕಿ ರೊಟ್ಟಿ ಮಾಡಿ ಹಾಕಾಕ ನನ್ನ ಸಂಗಟ ಬರಲಿ. ಸಣ್ಣಾಕಿ ನಿನ್ನ ಬಲ್ಲಿ ಇರಲಿ, ಸಾಲಿ ಬಿಡಬಾರದು."

ಅಕ್ಕನೂ ಏಳನೆಯ ತರಗತಿಯಲ್ಲಿ ಓದುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಹೊರಡುವ ದಿನ ಬೆಳಗ್ಗೆ ಅವಳು ನನ್ನನ್ನು ಹೊಸ್ತಿಲ ಮೇಲೆ ಕೂರಿಸಿಕೊಂಡು, ಡಬ್ಬಿಯ ತಳದಲ್ಲಿ ಉಳಿದಿದ್ದ ಕುಸುಬೆ ಎಣ್ಣೆಯನ್ನೆಲ್ಲ ನನ್ನ ತಲೆಗೆ ಸುರಿದಳು.

"ಗಟ್ಟ್ಯಾಗಿ ಹೆಣಿ," ಎಂದೆ. "ನೀ ಬರೋತನಾ ಬಿಚ್ಚಂಗಿಲ್ಲ. ಯಾವಾಗ ಬರತಿ?"

"ಎಂಟ ದಿನಕ್ಕ ಬರತೀನಿ," ಎಂದಳು ಅಕ್ಕ. ಎರಡು ಜಡೆಗಳನ್ನು ಕಣ್ಣಿನ ಹುಬ್ಬು ಜಗ್ಗುವಷ್ಟು ಬಿಗಿಯಾಗಿ ಹೆಣೆದು ಕೆಂಪು ರಿಬ್ಬನ್ ಕಟ್ಟಿದಳು.

ಬಸ್ಸು ಹಿಡಿದು ನಾಲ್ವರೂ ವಾಡಿಯ ರೈಲು ನಿಲ್ದಾಣಕ್ಕೆ ಹೋದೆವು. ಪ್ಲಾಟ್‌ಫಾರ್ಮ್ ತುಂಬ ನಮ್ಮಂಥದೇ ಗಂಟುಗಳು, ಟ್ರಂಕುಗಳು, ರೊಟ್ಟಿಯ ಬುತ್ತಿಗಳು. ಗಾಡಿ ಬಂದಾಗ ಜನ ಒಮ್ಮೆಲೇ ನುಗ್ಗಿದರು. ಅಪ್ಪ ಅಕ್ಕನನ್ನು ಎತ್ತಿ ಕಿಟಕಿಯಿಂದಲೇ ಒಳಗೆ ಹಾಕಿದ. ಅವಳ ಮುಖ ಒಂದು ಕ್ಷಣ ಕಂಡಿತು, ಆಮೇಲೆ ಯಾರದೋ ಬೆನ್ನು ಅಡ್ಡ ಬಂತು. ಗಾಡಿ ಹೊರಟಾಗ ಕಿಟಕಿಯಿಂದ ಕೈಯೊಂದು ಆಡುತ್ತಿತ್ತು. ಅದು ಅಕ್ಕನದೋ ಬೇರೆಯವರದೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಅದಕ್ಕೇ ಕೈ ಬೀಸಿದೆ.

ಮನೆಗೆ ಬಂದರೆ ಚಪ್ಪರದಲ್ಲಿ ಸದ್ದಿಲ್ಲ. ಎತ್ತು ತುಳಿದು ತುಳಿದು ಆಗಿದ್ದ ಗುಂಡನೆಯ ದಾರಿ ಮಾತ್ರ ನೆಲದ ಮೇಲೆ ಹಾಗೇ ಇತ್ತು. ನಾನು ಅದರ ಮೇಲೆ ಒಬ್ಬಳೇ ಸುತ್ತಿದೆ, ತಲೆ ತಿರುಗುವವರೆಗೂ.

ಎಂಟು ದಿನ ಜಡೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ಧೂಳು ಹಿಡಿಯಿತು, ತಲೆ ತುರಿಸಿತು, ಓರಗೆಯ ಹುಡುಗಿಯರು ನಕ್ಕರು. ಒಂಬತ್ತನೆಯ ದಿನ ಸಂಜೆ ನಾನೇ ಹೋಗಿ ಅಜ್ಜಿಯ ಮುಂದೆ ಬೆನ್ನು ಮಾಡಿ ಕುಳಿತೆ. ಅಜ್ಜಿ ಒಂದೊಂದೇ ಎಳೆ ಬಿಡಿಸುತ್ತ, "ಆಕಿಗೂ ಅಲ್ಲಿ ತಲಿ ಹಿಕ್ಕೋರು ಯಾರೂ ಇಲ್ಲ, ಮಗಾ," ಎಂದಳು. ಅಲ್ಲಿಯವರೆಗೆ ಒಂಟಿಯಾದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಆಗ ಅತ್ತುಬಿಟ್ಟೆ.

ಅಕ್ಕ ಬಂದದ್ದು ಎರಡು ವರ್ಷದ ಮೇಲೆ. ಸೀರೆ ಉಟ್ಟಿದ್ದಳು. ಅಂಗೈ ಗಾರೆ ಕೆಲಸದಿಂದ ಒರಟಾಗಿತ್ತು, ಮಾತಿನ ನಡುವೆ ಮರಾಠಿ ಬರುತ್ತಿತ್ತು. ನಾನು ಶಾಲೆಯ ಪುಸ್ತಕ ತೋರಿಸಿದರೆ ಹಾಳೆ ತಿರುವಿ ನೋಡಿ ಮುಚ್ಚಿಟ್ಟಳು. ನಾಲ್ಕು ದಿನ ಇದ್ದು ಹೋದಳು. ಮುಂದೆ ಅಲ್ಲಿಯೇ ಮದುವೆಯಾಗಿ ಅಲ್ಲಿಯವಳೇ ಆದಳು. ಅಪ್ಪ ಮುದುಕನಾಗಿ ಊರಿಗೆ ಮರಳಿದ. ನಾನು ಓದಿ ಶಾಲೆಯ ಟೀಚರಾದೆ. ನಾನು ಶಾಲೆ ಬಿಡಬಾರದೆಂಬ ಅಪ್ಪನ ಮಾತು ಉಳಿಯಿತು, ಆದರೆ ಅದನ್ನು ಉಳಿಸಿದ್ದು ದುಡಿದ ಅಕ್ಕನ ಕೈಗಳು.

ಈಗ ನೀವು ಅಕ್ಕತಂಗಿ ಇಬ್ಬರೂ ಬೇರೆ ಬೇರೆ ಕೋಣೆ ಬೇಕೆಂದು ದಿನಾ ಜಗಳವಾಡುತ್ತೀರಿ. ಚಾರ್ಜರ್ ನನ್ನದು, ಮಂಚ ನನ್ನದು ಎಂದು ಕೂಗುತ್ತೀರಿ, ಒಬ್ಬಳು ಬಾಗಿಲು ಬಡಿದು ಹಾಕಿಕೊಂಡರೆ ಇನ್ನೊಬ್ಬಳು ಹೊರಗೆ ಉಳಿಯುತ್ತಾಳೆ. ನಿಮ್ಮ ಅಮ್ಮ ಬೈಯುತ್ತಾಳೆ. ನಾನು ಮಾತ್ರ ವಾಡಿಯಲ್ಲಿ ಕಂಡ ಆ ಕೈಯನ್ನು ನೆನೆಯುತ್ತ, ಕೇಳುತ್ತ ಕೂರುತ್ತೇನೆ. ಸ್ವಲ್ಪ ಹೊತ್ತಿಗೆ ನಿಮ್ಮಲ್ಲೊಬ್ಬಳು ಬಾಗಿಲ ಆಚೆಯಿಂದ ಏನೋ ಕೇಳುತ್ತಾಳೆ, ಸಿಟ್ಟಿನಲ್ಲೇ ಇದ್ದರೂ ಇನ್ನೊಬ್ಬಳು ಈಚೆಯಿಂದ ಉತ್ತರ ಕೊಡುತ್ತಾಳೆ.