ಗಂಗಾಂಬಿಕೆಯ ಒಳಗಿನ ಕಂಪ್ಯೂಟರ್

ಗುಬ್ಬಿ ಸುತ್ತಮುತ್ತ ಯಾರಾದರೂ ತೀರಿಕೊಂಡರೆ, ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಮನೆಯವರು ಗಂಗಾಂಬಿಕೆಯನ್ನು ಹುಡುಕಿಕೊಂಡು ಬರುತ್ತಾರೆ. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಹಾರ ಹಾಕಿ ಇಡಲು ಫೋಟೊ ಬೇಕು. ತಂದುಕೊಡುವುದೋ, ಮದುವೆಯ ಗುಂಪಿನಲ್ಲಿ ಮೂರನೆಯ ಸಾಲಿನಲ್ಲಿ ಇಣುಕಿದ ಅರ್ಧ ತಲೆ. ಅದರಿಂದಲೇ ಆಕೆ ಕಣ್ಣು, ಓಲೆ, ಹಣೆಯ ವಿಭೂತಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಎತ್ತಿ ನಿಲ್ಲಿಸುತ್ತಾಳೆ. ಮುಂದಿನ ಕೋಣೆಯಲ್ಲಿ ಗಂಡ ರೇಣುಕಾಪ್ರಸಾದ್ ಗಾಜು ಕತ್ತರಿಸಿ ಕಟ್ಟು ಹಾಕುತ್ತಾನೆ.

ರೇಣುಕಾಪ್ರಸಾದ್ ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹೆಂಡತಿ ಕುಣಿಗಲ್ಲಿನವಳು. ಮದುವೆಗೆ ಮುಂಚೆ ದಿನಾ ಬಸ್ಸು ಹತ್ತಿ ತುಮಕೂರಿಗೆ ಹೋಗಿ ಕಂಪ್ಯೂಟರ್ ಕಲಿತವಳು.

ನಾಲ್ಕು ವರ್ಷದ ಹಿಂದೆ ಗಿರಾಕಿಯೊಬ್ಬರ ಪೆನ್‌ಡ್ರೈವ್ ಚುಚ್ಚಿದಾಗ, ಅದರಲ್ಲಿದ್ದ ವೈರಸ್ಸಿಗೆ ಇನ್ನೂರು ಮನೆಗಳ ಹಿರಿಯರ ಮುಖಗಳು ಒಂದೇ ಮಧ್ಯಾಹ್ನದಲ್ಲಿ ಹೋಗಿಬಿಟ್ಟವು. ಹೆಬ್ಬೂರಿನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, "ನಮ್ಮಪ್ಪ ಎರಡ್ನೇ ಸಲ ಸತ್ತಂಗಾಯ್ತು ಕಣಮ್ಮ" ಎಂದು ಅತ್ತಿದ್ದಳು. ಅಂದಿನಿಂದ ಪೆನ್‌ಡ್ರೈವ್ ಹೊಸ್ತಿಲು ದಾಟಕೂಡದು ಎಂದು ರೇಣುಕಾಪ್ರಸಾದನ ಅಪ್ಪಣೆ. ಗಂಗಾಂಬಿಕೆ ವಾದ ಮಾಡಲಿಲ್ಲ. ತುಮಕೂರಿನ ರಿಪೇರಿ ಅಂಗಡಿಯ ಸಿದ್ಧಾರ್ಥ್ ಕಡೆಯಿಂದ ಹೆಚ್ಚು ಮೆಮೊರಿ ಹಾಕಿಸಿಕೊಂಡು ಬಂದಳು. ಅವನು ಹೇಳಿಕೊಟ್ಟದ್ದು 'ವರ್ಚುಯಲ್ ಮಷೀನ್' ಎಂಬ ಎರಡು ಪದ ಮಾತ್ರ. ಉಳಿದದ್ದನ್ನು ಎರಡು ತಿಂಗಳು ವಿಡಿಯೊ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಹತ್ತು ಸಲ ಕೆಡಿಸಿ ಕಲಿತಳು. ಗಂಡ ಅವಳು ಧಾರಾವಾಹಿ ನೋಡುತ್ತಿದ್ದಾಳೆ ಎಂದುಕೊಂಡಿದ್ದ.

ಮೊನ್ನೆ ಮಂಗಳವಾರ ಬೆಳಿಗ್ಗೆ ನಿಟ್ಟೂರಿನ ಕರಿಬಸವಯ್ಯ ಬಂದರು. ಟವೆಲ್ಲಿನ ಗಂಟು ಬಿಚ್ಚಿ ಪೆನ್‌ಡ್ರೈವ್ ತೆಗೆದರು.

"ನಾಳೆ ನಮ್ಮೋಳ ಹನ್ನೊಂದ್ನೇ ದಿನ ಕಣಪ್ಪ. ಮೊಮ್ಮಗಳ ನಾಮಕರಣದಲ್ಲಿ ತೆಗ್ದಿದ್ದು ಇದ್ರಲ್ಲೈತೆ. ಎರಡು ಕಡೆ ತೋರಿಸ್ದೆ. ಒಬ್ಬ ಖಾಲಿ ಅಂದ. ಇನ್ನೊಬ್ಬ ವೈರಸ್ಸು ಅಂತ ದೂರ ತಳ್ಳಿದ."

"ಆಧಾರ್ ಕಾರ್ಡಿಂದು ಐತಲ್ಲ ಯಜಮಾನ್ರೇ?" ಎಂದ ರೇಣುಕಾಪ್ರಸಾದ್.

"ಅದ್ರಲ್ಲಿ ಸಿದ್ದಗಂಗಮ್ಮ ಕಳ್ಳಿ ಥರ ಕಾಣ್ತಾಳೆ. ನಲವತ್ತೆಂಟು ವರ್ಷ ಬಾಳ್ವೆ ಮಾಡಿದೋಳು, ನಂಗೇ ಗುರ್ತು ಸಿಗಲ್ಲ. ಇದೊಂದೇ ಇರೋದು."

ಗಂಗಾಂಬಿಕೆ ಕೈ ಚಾಚಿದಳು. ರೇಣುಕಾಪ್ರಸಾದ್ ಸಿಡಿದ.

"ಲೇ ಗಂಗಾ, ಮುಟ್ಟಿದ್ರೆ ನೋಡು! ಸುತ್ತಿಗೇಲಿ ಕಂಪ್ಯೂಟರ್ ಒಡ್ದಾಕ್ಬುಡ್ತೀನಿ!"

"ಒಡೀರಿ. ಆಮೇಲೆ ನೀವೇ ಬ್ರಷ್ ಹಿಡ್ಕೊಂಡು ಆ ತಾಯಿ ಮುಖ ಬರೀರಿ."

ಪೆನ್‌ಡ್ರೈವ್ ಹಿಡಿದು ಅವಳು ಒಳಕೋಣೆಗೆ ನಡೆದಳು. ಗಂಡ ಬೈಯುತ್ತಲೇ ಹಿಂದೆ ಬಂದ, ಅವನ ಹಿಂದೆ ಕರಿಬಸವಯ್ಯ. ಅವಳು ಮೊದಲು ಇಂಟರ್‌ನೆಟ್ ವೈರು ಕಿತ್ತಳು. ಆಮೇಲೆ ಏನೋ ಒತ್ತಿದಳು. ಪರದೆಯ ನಡುವೆ ಒಂದು ಚೌಕ ಕಪ್ಪಾಗಿ, ಅದರೊಳಗೆ ಇನ್ನೊಂದು ಕಂಪ್ಯೂಟರ್ ಕಣ್ಣು ಬಿಟ್ಟಿತು. ಅದಕ್ಕೆ ತನ್ನದೇ ಚಿತ್ರ, ತನ್ನದೇ ಗಡಿಯಾರ.

"ಇದೇನೇ?"

"ಕಂಪ್ಯೂಟರ್ ಒಳಗೊಂದು ಕಂಪ್ಯೂಟರ್. ತಾನೇ ಪೂರ್ತಿ ಅಂದ್ಕೊಂಡೈತೆ. ಹೊರಗೆ ನಾವಿದೀವಿ ಅಂತ ಇದಕ್ಕೆ ಗೊತ್ತೇ ಇಲ್ಲ. ಪೆನ್‌ಡ್ರೈವು ನೇರ ಇದಕ್ಕೇ ಹೋಗುತ್ತೆ. ಹೊರಗಿಂದು ಮುಟ್ಟದಂಗೆ ಮಾಡಿದೀನಿ."

ಪೆನ್‌ಡ್ರೈವ್ ಚುಚ್ಚಿದಾಗ 'ನಾಮಕರಣ' ಎಂಬ ಫೋಲ್ಡರ್ ಕಂಡಿತು. ಅದರ ಮೂಲೆಯಲ್ಲಿ ಸಣ್ಣ ಬಾಣದ ಗುರುತು.

"ಅಗೋ, ಐತಲ್ಲ!" ರೇಣುಕಾಪ್ರಸಾದ್ ಅವಳ ಕೈಯಿಂದ ಮೌಸ್ ಕಿತ್ತುಕೊಂಡು ಎರಡು ಸಲ ಒತ್ತಿಯೇಬಿಟ್ಟ.

"ಅಯ್ಯೋ, ಅದಲ್ಲ ರೀ!"

ಒಂದರ ಮೇಲೊಂದು ಕಿಟಕಿ ತೆರೆದುಕೊಂಡವು. ಗಡಿಯಾರವೂ ನಿಂತುಹೋಯಿತು. ರೇಣುಕಾಪ್ರಸಾದ್ ಮೌಸ್ ಕೈಬಿಟ್ಟ.

"ನಮ್ಮೋಳು ಹೋದ್ಲಾ ತಾಯಿ?" ಎಂದರು ಕರಿಬಸವಯ್ಯ.

"ಇಲ್ಲಜ್ಜ, ಇರಿ."

ಅವಳು ಆ ಚೌಕವನ್ನು ಬದಿಗೆ ಸರಿಸಿದಳು. ಹಿಂದೆ ತಮ್ಮ ನಿಜವಾದ ಕಂಪ್ಯೂಟರು, ಅದರಲ್ಲಿ ಸಾಲುಸಾಲು ಮನೆಗಳ ಹೆಸರು. ಒಂದೊಂದೇ ತೆರೆದು ತೋರಿಸಿದಳು. ಒಂದು ಮುಖಕ್ಕೂ ಏನೂ ಆಗಿರಲಿಲ್ಲ. ಆಮೇಲೆ ಪೆನ್‌ಡ್ರೈವ್ ಕಿತ್ತು, ಕೆಟ್ಟುಹೋದ ಆ ಒಳಗಿನ ಯಂತ್ರವನ್ನು ತಾನು ಮೊದಲೇ ಗುರುತು ಹಾಕಿಟ್ಟಿದ್ದ ಸ್ಥಿತಿಗೆ ವಾಪಸ್ ಕಳಿಸಿದಳು. ಅದು ಮತ್ತೆ ಕಣ್ಣು ಬಿಟ್ಟಿತು. ಹಾಳಾದ ಒಂದು ಕಿಟಕಿಯೂ ಇಲ್ಲ.

"ಇದಕ್ಕೀಗ ಏನೂ ನೆನಪಿಲ್ಲ. ನೀವು ಒತ್ತಿದ್ದೂ ನೆನಪಿಲ್ಲ."

"ಅಂದ್ರೆ ನಾನು ತಪ್ಪೇ ಮಾಡಿಲ್ಲ?"

"ಅದಕ್ಕೆ ನೆನಪಿಲ್ಲ. ನಂಗೈತೆ."

ರೇಣುಕಾಪ್ರಸಾದ್ ನಗಲಿಲ್ಲ. ಐವತ್ತು ವರ್ಷದಲ್ಲಿ ಕೋಪಕ್ಕೆ ಅವನು ಒಡೆದದ್ದು ಗಾಜು ಮಾತ್ರವಲ್ಲ. ಅಣ್ಣನ ಮನೆಯವರೊಂದಿಗಿನ ಮಾತುಕತೆ, ಭಾವಮೈದುನನ ಸ್ನೇಹ, ಯಾವುದೂ ಮತ್ತೆ ಕೂಡಿಕೊಂಡಿರಲಿಲ್ಲ. ಕೆಟ್ಟ ಗಳಿಗೆಯೊಂದು ಹಿಂದಕ್ಕೆ ಹೋದದ್ದನ್ನು ಕಣ್ಣಾರೆ ಕಂಡದ್ದು ಇದೇ ಮೊದಲು. ಮೌಸ್ ಇದ್ದ ಕಡೆಯಿಂದ ಕೈ ಹಿಂದಕ್ಕೆಳೆದು, ಎರಡೂ ಕೈ ಬೆನ್ನಿಗೆ ಕಟ್ಟಿ ನಿಂತ.

ಅವಳು ಪೆನ್‌ಡ್ರೈವನ್ನು ಮತ್ತೆ ಚುಚ್ಚಿದಳು. "ವೈರಸ್ಸು ಫೋಟೊ ಅಳಿಸಿಲ್ಲ, ಬಚ್ಚಿಟ್ಟೈತೆ ಅಷ್ಟೆ. ಆ ಬಾಣ ಇರೋದು ಬರೀ ಅದ್ರ ವೇಷ." ಒಂದು ಸೆಟ್ಟಿಂಗ್ ಬದಲಿಸಿದಳು. ವೇಷದ ಪಕ್ಕದಲ್ಲೇ ಮಾಸಲು ಬಣ್ಣದ ನಿಜವಾದ ಫೋಲ್ಡರ್ ಮೂಡಿತು. ತೆರೆದರೆ ಫೋಟೊಗಳು. ಹಾಲಿನ ಬಟ್ಟಲು, ಬಂಧುಗಳು, ತೊಟ್ಟಿಲು.

"ನಿಲ್ಸು ತಾಯಿ! ಅಲ್ಲೇ! ತೊಟ್ಲ ಹಿಂದೆ!"

ಯಾರ ಮಾತಿಗೋ ತಿರುಗಿ ಬಾಯ್ತುಂಬ ನಗುತ್ತಿದ್ದಳು ಸಿದ್ದಗಂಗಮ್ಮ. ಕರಿಬಸವಯ್ಯ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದರು.

"ಈ ಫೈಲನ್ನ ಹೊರಗೆ ತರಲ್ಲ," ಎಂದಳು ಗಂಗಾಂಬಿಕೆ. ಆ ಮುಖವನ್ನು ದೊಡ್ಡದು ಮಾಡಿ, ಪರದೆಯ ಮೇಲೆ ಕಂಡಷ್ಟನ್ನು ಹೊರಗಿನ ಕಂಪ್ಯೂಟರಿನಿಂದ ನಾಲ್ಕು ತುಂಡಾಗಿ ಚಿತ್ರ ಹಿಡಿದು ಜೋಡಿಸಿದಳು. ಕನ್ನಡಿಯಲ್ಲಿ ಕಂಡವರನ್ನು ನೋಡಿ ಬರೆದುಕೊಂಡ ಹಾಗೆ.

"ಹಂಗಾದ್ರೆ ಇನ್ನು ಭಯಾನೇ ಇಲ್ವಾ?" ರೇಣುಕಾಪ್ರಸಾದನ ದನಿ ಪಿಸುಮಾತಾಗಿತ್ತು.

"ನೂರಕ್ಕೆ ನೂರು ಅನ್ನಂಗಿಲ್ಲ. ಈ ಗೋಡೇನೂ ಹಾರೋ ಕಳ್ರು ಇದಾರಂತೆ. ಅದಕ್ಕೇ ನೆಟ್ಟು ಕಿತ್ತಿದ್ದು, ಎರಡರ ಮಧ್ಯೆ ಒಂದು ಕಿಂಡೀನೂ ಬಿಡದೆ ಇದ್ದಿದ್ದು." ಒಳಗಿನ ಯಂತ್ರವನ್ನು ಇನ್ನೊಮ್ಮೆ ಹಿಂದಕ್ಕೆ ಕಳಿಸಿದಳು.

ಮುಖ ತಿದ್ದುವಾಗ ಹಣೆಗೆ ಬಿದ್ದ ಕೂದಲನ್ನು ಸರಿಸಹೋದಳು. "ಬೇಡ ತಾಯಿ, ಹಂಗೇ ಬುಡು," ಎಂದರು ಮುದುಕರು. "ದಿನಾ ಹಂಗೇ ಇರ್ತಿದ್ಲು."

ಮೂರು ಗಂಟೆಗೆ ಪ್ರಿಂಟ್ ಬಂತು. ರೇಣುಕಾಪ್ರಸಾದ್ ಗಾಜನ್ನು ಎರಡೆರಡು ಸಲ ಒರೆಸಿ ಕಟ್ಟು ಹಾಕಿದ. ಎಂದಿನಂತೆ ಹಳೆಯ ಪೇಪರು ಸುತ್ತಲು ಹೊರಟಾಗ ಕರಿಬಸವಯ್ಯ ಅವನ ಕೈ ಹಿಡಿದರು.

"ಮುಖಕ್ಕೆ ಸುತ್ಬೇಡ ಕಣಪ್ಪ. ಹತ್ತು ದಿನ ಆಯ್ತು ಅವಳ್ನ ನೋಡಿ."

ರೇಣುಕಾಪ್ರಸಾದ್ ಪೇಪರನ್ನು ನಾಲ್ಕು ಮೂಲೆಗಷ್ಟೇ ಮಡಚಿಟ್ಟು ದಾರ ಕಟ್ಟಿ, ಬಸ್ ಸ್ಟ್ಯಾಂಡಿನವರೆಗೂ ತಾನೇ ಎತ್ತಿಕೊಂಡು ನಡೆದ. ಕಿಟಕಿ ಪಕ್ಕದ ಸೀಟು ಹಿಡಿದು ಮುದುಕರನ್ನು ಕೂರಿಸಿ, ಫೋಟೊವನ್ನು ಅವರ ತೊಡೆಯ ಮೇಲಿಟ್ಟ. ಬಸ್ಸು ನಿಟ್ಟೂರಿನ ಕಡೆ ಹೊರಟಾಗ, ಗಾಜಿನ ಹಿಂದೆ ಸಿದ್ದಗಂಗಮ್ಮ ಇನ್ನೂ ನಗುತ್ತಿದ್ದಳು.