ಬೀಗದ ಪಕ್ಕದ ಗೋಡೆ

ಗೌರಿ, ಶರಣು, ಇಬ್ಬರಿಗೂ ಅಜ್ಜಿಯ ಆಶೀರ್ವಾದ. ಸಿಂಧನೂರಿನ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಮಸ್ಕಿ ಇನ್ನೂ ಬಂದಿಲ್ಲ.

ಹಿಂದಿನ ನಿಲ್ದಾಣದಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿದ್ದರು. ಪಕ್ಕದ ಗೋಡೆಯ ಮೇಲೆ ಯಾರೋ ಇದ್ದಿಲಿನಿಂದ ‘ಬೀಗ ತೆಗೆಯಿರಿ’ ಎಂದು ಬರೆದಿದ್ದರು. ಅದರ ಕೆಳಗೆ ಒಂದೊಂದು ಕೈಬರಹದಲ್ಲಿ ಒಬ್ಬೊಬ್ಬ ಹೆಂಗಸಿನ ಹೆಸರು. ಕಾವಲುಗಾರ ಎಲ್ಲದಕ್ಕೂ ಸುಣ್ಣ ಬಳಿಯುತ್ತಿದ್ದ.

ನಿಮ್ಮಜ್ಜ ಹೋದ ಮೇಲೆ ಜನರ ಬಾಯಿಗೆ ಅಂಜಿ ಅಂಗಳದ ರಂಗೋಲಿಯನ್ನೂ ಬಿಟ್ಟಿದ್ದ ನಾನು, ಚಹಾದಂಗಡಿಯ ಒಲೆಯ ಪಕ್ಕ ಬಿದ್ದಿದ್ದ ಇದ್ದಿಲು ತಂದು, ಸುಣ್ಣ ತಾಗದ ಮೂಲೆಯಲ್ಲಿ ‘ಅಂಬಮ್ಮ’ ಎಂದು ದೊಡ್ಡದಾಗಿ ಬರೆದೆ.

“ಯಮ್ಮಾ, ಸರ್ಕಾರಿ ಗ್ವಾಡಿ ಮ್ಯಾಲ ಬರದ್ರ ಕೇಸ್ ಆಕೈತ್ರಿ! ಅದೂ ಸ್ವಂತ ಹೆಸರು!” ಎಂದ ಕಾವಲುಗಾರ.

“ಹೆಸರಿಲ್ದ ಕೇಸ್ ಹ್ಯಾಂಗ ಹಾಕ್ತಿ, ತಮ್ಮಾ?”

ಅವನು ನಕ್ಕ, ಆದರೆ ಬ್ರಷ್ ಕೆಳಗಿಡಲಿಲ್ಲ. ಇಷ್ಟೊತ್ತಿಗೆ ಅಳಿಸಿರಬೇಕು. ಈ ಹಾಳೆಗೆ ಮಾತ್ರ ಯಾರೂ ಸುಣ್ಣ ಬಳಿಯದಂತೆ ಜೋಪಾನ ಮಾಡಿರಿ.